ಸೊನ್ನೆ ಮಣ್ಣು

ಗೆರೆ ನೆಟ್ಟಗೆ ಹೋಯಿತು. ಹಾಗೆ ಹೋಗಬಾರದಿತ್ತು. ಪರದೆಯ ಎಡತುದಿಯಿಂದ ಹೊರಟ ಹಸಿರು ಗೆರೆ ಏಳೂವರೆ ನಿಮಿಷದ ಹತ್ತಿರ ಬಂದಾಗ ಉಬ್ಬಿ ಇಳಿಯಬೇಕು; ಆರು ವರ್ಷದಿಂದ ಅದು ತಪ್ಪದೆ ಉಬ್ಬಿದೆ, ಅವನು ತಪ್ಪದೆ ಆ ಉಬ್ಬನ್ನು ಲೆಕ್ಕದಿಂದ ಕಳೆದಿದ್ದಾನೆ. ಇವತ್ತು ಅದು ಅವನಿಗೆ ಸೊಪ್ಪು ಹಾಕದೆ ಮುಂದೆ ಹೋಗಿ ಹನ್ನೆರಡನೇ ನಿಮಿಷಕ್ಕೆ ನಿಂತಿತು. ಅವನಿಗೆ ಮೊದಲು ಬಂದದ್ದು ಅನುಮಾನವಲ್ಲ, ಸಿಟ್ಟು. ಯಂತ್ರದ ಮೇಲೆ ಸಿಟ್ಟು, ಯಂತ್ರ ರಿಪೇರಿಗೆಂದು ಬಂದು ಮೂರು ಲೋಟ ಟೀ ಕುಡಿದು ಹೋದವನ ಮೇಲೆ ಸಿಟ್ಟು, ಕಾರಿಡಾರಿನಲ್ಲಿ ಚಪ್ಪಲಿ ಎಳೆದುಕೊಂಡು ಓಡಾಡುವವರ ಮೇಲೆ ಸಿಟ್ಟು. ಇಡೀ ಕಚೇರಿಯಲ್ಲಿ ನೆಟ್ಟಗಿರುವವನು ತಾನೊಬ್ಬನೇ ಎಂದು ನಂಬಿಕೊಂಡವನಿಗೆ ಬೇರೆ ಯಾವುದು ನೆಟ್ಟಗಾದರೂ ಸಹಿಸುವುದು ಕಷ್ಟ.

ಅವನು ಮಣ್ಣು ಪರೀಕ್ಷಾ ಕಚೇರಿಯ ವಿಶ್ಲೇಷಕ. ಎಂಟು ವರ್ಷದ ಹಿಂದೆ ನಿಷೇಧವಾದ ಒಂದು ಕಳೆನಾಶಕ ಇನ್ನೂ ಯಾರ ಹೊಲದಲ್ಲಿ ಉಳಿದಿದೆ, ಯಾರ ಹೊಲದಲ್ಲಿ ಇಲ್ಲ ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಹೆಚ್ಚಾಗಿ ಅವನು ಬರೆಯುತ್ತಿದ್ದುದು ‘ಕಂಡುಬಂದಿಲ್ಲ’ ಎಂದು. ಬೆಂಚಿನ ಮೇಲೆ ಕಾದು ಕೂರುವವರು ತನ್ನನ್ನು ಹಿಂದಿನಿಂದ ಸೊನ್ನೆ ಸಾಹೇಬ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು, ಅದು ಅವನಿಗೆ ಇಷ್ಟವೂ ಆಗಿತ್ತು. ಜನ ಸುಮ್ಮಸುಮ್ಮನೆ ಗಾಬರಿಯಾಗುತ್ತಾರೆ, ಒಂದು ಗಿಡ ಬಾಡಿದರೆ ಪಕ್ಕದವನ ಕಡೆ ಬೆರಳು ತೋರಿಸುತ್ತಾರೆ. ಅವರ ಬಾಯಿ ಮುಚ್ಚಿಸಲು ಒಂದು ಸೊನ್ನೆಯಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ ಎಂದು ಅವನ ಅಭಿಪ್ರಾಯ. ತಿಂಗಳಿಗೊಮ್ಮೆ ನಡೆಯುವ ತರಬೇತಿಯಲ್ಲಿ ಅವನೇ ಪಾಠ ಮಾಡುತ್ತಿದ್ದ. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯಿರಿ, ಹದಿನೈದು ಕಡೆ ಅಗೆಯಿರಿ, ಮೇಲಿನ ಕಸ ಕೆರೆದು ತೆಗೆಯಿರಿ, ಒಂದು ಗೇಣು ಆಳಕ್ಕೆ ಹೋಗಿ, ಎಲ್ಲ ಸೇರಿಸಿ ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡಿ, ಒಂದು ಬೊಗಸೆ ಉಳಿಯುವವರೆಗೂ ಹಾಗೇ ಮಾಡಿ. ಕೇಳುವವರು ತಲೆ ಆಡಿಸುತ್ತಿದ್ದರು. ಆಮೇಲೆ ಊರಿಗೆ ಹೋಗಿ ಮನೆಯ ಬಾಗಿಲಿಗೆ ಹತ್ತಿರವಾದ ಕಡೆ ಒಂದು ಗುದ್ದಲಿ ಮಣ್ಣು ಎತ್ತಿ ತರುತ್ತಿದ್ದರು. ಬಗ್ಗಲು ಸೋಮಾರಿತನ, ನಿಮಗೆಲ್ಲ ಸುಲಭವಾಗಿ ಸಿಗುವ ಮಣ್ಣೇ ಬೇಕು ಎಂದು ಅವನು ಮುಖಕ್ಕೆ ಹೇಳುತ್ತಿದ್ದ. ಹೇಳಿದ ದಿನ ಅವನಿಗೆ ಊಟ ರುಚಿಸುತ್ತಿತ್ತು.

ಯಾವ ಮಣ್ಣಿಗಾದರೂ ತನ್ನದೇ ಒಂದಿಷ್ಟು ಗುಣ ಇರುತ್ತದೆ, ಯಂತ್ರ ಅದನ್ನೂ ಹಿಡಿದು ತೋರಿಸುತ್ತದೆ. ಅದಕ್ಕೆ ಔಷಧಿ ಮುಟ್ಟದ ಶುದ್ಧ ಮಣ್ಣನ್ನು ಮೊದಲು ಓಡಿಸಿ, ಅದರ ಉಬ್ಬನ್ನು ಉಳಿದ ಎಲ್ಲ ಮಾದರಿಗಳಿಂದ ಕಳೆಯಬೇಕು. ಕಚೇರಿಯಲ್ಲಿ ಅದಕ್ಕೆ ಸೊನ್ನೆ ಮಣ್ಣು ಎನ್ನುತ್ತಿದ್ದರು. ಅದು ಬರುತ್ತಿದ್ದುದು ಅವನ ಅಕ್ಕನ ಮನೆಯ ಹಿತ್ತಲಿನಿಂದ, ವರ್ಷಕ್ಕೊಂದು ಬಿಸ್ಕತ್ತಿನ ಡಬ್ಬಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಧಿಕಾರಿ ಶುದ್ಧ ಮಣ್ಣು ಎಲ್ಲಿಂದ ತರೋಣ ಎಂದು ತಲೆ ಕೆರೆದುಕೊಂಡಾಗ, ನಮ್ಮಕ್ಕನ ಹಿತ್ತಲಿದೆ, ಅವಳು ಗೊಬ್ಬರದ ಚೀಲ ಕಂಡರೂ ಮೂಗು ಮುರಿಯುವವಳು ಎಂದಿದ್ದ. ಅದು ಪದ್ಧತಿ ಪುಸ್ತಕದಲ್ಲೂ ದಾಖಲಾಯಿತು. ಈ ಸಲ ಅಕ್ಕನಿಗೆ ಮೊಣಕಾಲು ಊದಿಕೊಂಡು ಮಣ್ಣು ತಡವಾಗಿತ್ತು, ಡಬ್ಬಿ ತಳ ಕಂಡಿತ್ತು. ಕಚೇರಿಯ ಹಿಂದೆ ಹೊಸ ಕಕ್ಕಸಿಗೆ ಗುಂಡಿ ತೋಡುತ್ತಿದ್ದರು. ಎಂಟು ಅಡಿ ಆಳದ ಮಣ್ಣಿಗೆ ಯಾವ ಔಷಧಿ ತಾಕೀತು ಎಂದು ಇವತ್ತಿನ ಮಟ್ಟಿಗೆ ಅದರದ್ದೇ ಒಂದು ಹಿಡಿ ತಂದು ಓಡಿಸಿದ್ದ. ಉಬ್ಬು ಬರದೇ ಹೋದದ್ದು ಆ ಮಣ್ಣಿಗೆ. ಕಕ್ಕಸಿನ ಗುಂಡಿಯ ಮಣ್ಣು ಅಕ್ಕನ ಹಿತ್ತಲಿಗಿಂತ ಶುದ್ಧ ಎಂದರೆ ಯಾರಾದರೂ ನಗಬೇಕು. ಅವನೂ ಸ್ವಲ್ಪ ನಕ್ಕ.

ಬಾಗಿಲಿನ ಗಾಜಿನಾಚೆ ಬೆಂಚಿನ ತುದಿಯಲ್ಲಿ ಹುರುಳಿಕಾಯಿ ಬೆಳೆಯುವ ಹೆಂಗಸು ಕೂತಿದ್ದಳು. ಒಂಬತ್ತು ಗಂಟೆಗೇ ಬಂದಿದ್ದಾಳೆ. ಬಂದವಳು ಗೋಡೆಗೆ ಒರಗಿಲ್ಲ, ಯಾರ ಜೊತೆಯೂ ಮಾತಾಡಿಲ್ಲ, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಬಾಗಿಲನ್ನೇ ನೋಡುತ್ತಿದ್ದಾಳೆ. ಅವಳ ಹೊಲದ ಪಕ್ಕದಲ್ಲಿ ದೊಡ್ಡ ಗುತ್ತಿಗೆದಾರನೊಬ್ಬನ ಹೊಲ. ಅವನು ಆ ನಿಷೇಧಿತ ಔಷಧಿಯನ್ನು ಕದ್ದುಮುಚ್ಚಿ ತಂದು ಹೊಡೆಯುತ್ತಾನೆ, ಅದು ಗಾಳಿಯಲ್ಲೂ ಕಾಲುವೆ ನೀರಿನಲ್ಲೂ ತನ್ನ ಹೊಲಕ್ಕೆ ಬರುತ್ತದೆ, ಎಲೆಗಳು ಬಟ್ಟಲಿನ ಹಾಗೆ ಮುದುರಿಕೊಳ್ಳುತ್ತವೆ ಎಂದು ಅವಳ ದೂರು. ಬೆಳೆಗಾರರ ಸಂಘದವರು, ನೀನೇ ಏನೋ ಹಾಳುಮೂಳು ಹೊಡೆದು ಈಗ ಬೇರೆಯವರ ತಲೆಗೆ ಕಟ್ಟುತ್ತಿದ್ದೀಯ ಎನ್ನುತ್ತಾರೆ. ಮಣ್ಣಿನ ಪರೀಕ್ಷೆಗೆ ಮೂರು ಸಲ ಅವಕಾಶ. ಎರಡು ಸಲವೂ ಅವನು ‘ಕಂಡುಬಂದಿಲ್ಲ’ ಎಂದು ಬರೆದಿದ್ದ. ಇವತ್ತು ಮೂರನೆಯದು. ಇದೂ ಸೊನ್ನೆಯಾದರೆ ಸಂಜೆ ಐದಕ್ಕೆ ಕಡತ ಮುಚ್ಚುತ್ತದೆ, ಸಂಘ ಅವಳ ಹೆಸರು ಹೊಡೆದುಹಾಕುತ್ತದೆ, ಆಮೇಲೆ ಅವಳ ಕಾಯಿಯನ್ನು ಯಾರೂ ಮುಟ್ಟುವುದಿಲ್ಲ. ಹೋದ ಸಲ ಬಂದಾಗ ಅವಳು ಕಿಟಕಿಯ ಬಳಿ ನಿಂತು, ಸಾರ್, ಇನ್ನೊಂದು ಸಲ ನೋಡಿ, ನನ್ನ ಮಣ್ಣು ನನಗೆ ಗೊತ್ತಾಗಲ್ವಾ ಎಂದಿದ್ದಳು. ಅವನು ಹಿಂದೆ ಸಾಲಿನಲ್ಲಿದ್ದವರಿಗೂ ಕೇಳಲಿ ಎಂದು ಸ್ವರ ಎತ್ತಿ, "ಮಣ್ಣಿಗೆ ಬಾಯಿಲ್ಲ ಅಂತ ಅದರ ಪರವಾಗಿ ನೀವು ಸುಳ್ಳು ಹೇಳಬಾರದಮ್ಮಾ" ಎಂದಿದ್ದ. ಸಾಲು ನಕ್ಕಿತು. ಅವಳು ಕಿವಿಯವರೆಗೂ ಕೆಂಪಾಗಿ, ಮಡಿಸಿದ್ದ ಕಾಗದವನ್ನು ಇನ್ನೊಂದು ಸಲ ಮಡಿಸಿ, ಹೋದಳು. ಮನೆಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ನುಗ್ಗಿ ಅವನು ಈ ಮಾತನ್ನು ಹೇಳಿ ತೋರಿಸಿದ. ಅಕ್ಕ ನಗಲಿಲ್ಲ. ಪಾಪ, ಯಾರು ಆಕೆ ಎಂದಷ್ಟೇ ಕೇಳಿದಳು. ಅಕ್ಕನಿಗೆ ಹಾಸ್ಯ ಅರ್ಥವಾಗುವುದಿಲ್ಲ ಎಂದು ಅವನು ಆಗ ಅಂದುಕೊಂಡಿದ್ದ.

ಹುರುಳಿಕಾಯಿ ಹೆಂಗಸಿನ ಮಾದರಿ ಓಡಿತು. ಏಳೂವರೆ ನಿಮಿಷಕ್ಕೆ ಗೆರೆ ಎದ್ದಿತು, ಚೆನ್ನಾಗಿಯೇ ಎದ್ದಿತು. ಕಳೆಯಲು ಈಗ ಏನೂ ಇರಲಿಲ್ಲ. ಅವನು ಸೀಸೆ ಬದಲಾಯಿಸಿ ಇನ್ನೊಮ್ಮೆ ಓಡಿಸಿದ, ಅಷ್ಟೇ ಎತ್ತರ. ಕಪಾಟಿನಲ್ಲಿದ್ದ ಅವಳ ಹಳೆಯ ಎರಡು ಮಾದರಿಗಳ ಉಳಿಕೆ ತೆಗೆದು ಓಡಿಸಿದ, ಅವೂ ಎದ್ದವು. ಯಂತ್ರದವನನ್ನು ಬೈಯುವ ಅವಕಾಶ ಇನ್ನೂ ಕೈಬಿಟ್ಟಿರಲಿಲ್ಲ, ಅದನ್ನೇ ಹಿಡಿದುಕೊಂಡು ಅಕ್ಕನ ಡಬ್ಬಿಯನ್ನು ಬೋರಲು ಹಾಕಿ, ತಳ ತಟ್ಟಿ, ಬಿದ್ದ ಚೂರುಪಾರು ಮಣ್ಣನ್ನು ಜರಡಿ ಹಿಡಿದು, ದ್ರಾವಕದಲ್ಲಿ ಅಲ್ಲಾಡಿಸಿ, ಸೋಸಿ, ಬೇರೆ ಯಾರದೋ ಮಾದರಿಯೆಂಬಂತೆ ಯಂತ್ರಕ್ಕೆ ಕೊಟ್ಟ. ಹನ್ನೆರಡು ನಿಮಿಷ ನಿಂತೇ ಇದ್ದ. ಅಕ್ಕನ ಮಣ್ಣು ಹೆಂಗಸಿನ ಮಣ್ಣಿನಷ್ಟೇ ಎತ್ತರಕ್ಕೆ, ಅದೇ ನಿಮಿಷಕ್ಕೆ, ಅದೇ ಆಕಾರದಲ್ಲಿ ಎದ್ದು ಕೂತಿತು. ಹಳೆಯ ದಾಖಲೆ ಪುಸ್ತಕ ತೆಗೆದು ನೋಡಿದ. ಮೊದಲ ಎರಡು ವರ್ಷ ಸೊನ್ನೆ ಮಣ್ಣಿನ ಗೆರೆ ನೆಟ್ಟಗಿದೆ. ಮೂರನೆಯ ವರ್ಷ ಮೊದಲ ಉಬ್ಬು, ಅದರ ಪಕ್ಕದಲ್ಲಿ ಅವನದೇ ದುಂಡನೆಯ ಅಕ್ಷರ: ‘ಮಣ್ಣಿನ ಸ್ವಂತ ಗುಣ.’ ಎಷ್ಟು ಧೈರ್ಯವಾಗಿ ಬರೆದಿದ್ದ! ಯಾರೂ ಕೇಳಲಿಲ್ಲ, ಕೇಳುವವರ ಕೆಲಸವೂ ಅವನದೇ ಆಗಿತ್ತಲ್ಲ.

ಮೂರನೆಯ ವರ್ಷ. ಉಗ್ರಾಣದ ತುಂಬ ವಶಪಡಿಸಿಕೊಂಡ ಕಳೆನಾಶಕದ ಕ್ಯಾನುಗಳು, ಕಮಟು ವಾಸನೆ, ಪಟ್ಟಿ ಬರೆಯುತ್ತ ಕೂತವನು ಅವನೇ. ಒಂದು ಕ್ಯಾನಿನ ಚೀಟಿ ಹರಿದುಹೋಗಿತ್ತು, ಅದು ಪಟ್ಟಿಗೆ ಸೇರುವಂತಿರಲಿಲ್ಲ. ಆ ವಾರವೇ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕಳೆ ಕಿತ್ತೂ ಕಿತ್ತೂ ಸಾಕಾಯ್ತು ಕಣೋ ಎಂದಿದ್ದಳು. ಭಾವ ತೀರಿಕೊಂಡ ಮೇಲೆ ಅವಳಿಗೆ ಆ ಹಿತ್ತಲೇ ಎಲ್ಲ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ಅವನನ್ನು ಸಾಕಿ ಓದಿಸಿದವಳು ಅವಳು. ಅವಳು ನರಳುವುದನ್ನು ನೋಡಲಾರೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ನಿಜ ಹೇಳಬೇಕೆಂದರೆ ಆ ನರಳಾಟ ಕೇಳಿ ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು. ನಿಷೇಧ ಮಾಡಿದವರಿಗಿಂತ ತನಗೆ ಹೆಚ್ಚು ಗೊತ್ತು ಎಂಬ ಗರ್ವವೂ ಇತ್ತು. ಭಾನುವಾರ ಆ ಕ್ಯಾನು ತಂದು, ಪಂಪು ಬೆನ್ನಿಗೆ ಹಾಕಿಕೊಂಡು ಹಿತ್ತಲಿನ ಮುಕ್ಕಾಲು ಪಾಲಿಗೆ ಹೊಡೆದ. ಏನೋ ಅದು ಎಂದು ಅಕ್ಕ ಕೇಳಿದ್ದಕ್ಕೆ ಕಷಾಯ ಎಂದ. ಬೇಲಿ ಪಕ್ಕದ ಮೂಲೆಯೊಂದನ್ನು ಬಿಟ್ಟಿದ್ದ, ನಮ್ಮ ಕಚೇರಿಗೆ ಆ ಮೂಲೆಯ ಮಣ್ಣು ತೆಗೆದಿಡು ಎಂದು ಹೊರಡುವ ಗಡಿಬಿಡಿಯಲ್ಲಿ ಒಮ್ಮೆ ಹೇಳಿದ್ದ. ಹೋದ ವರ್ಷ ಕ್ಯಾನು ಖಾಲಿಯಾಗುವವರೆಗೂ ವರ್ಷಕ್ಕೊಂದು ಭಾನುವಾರ ಹೊಡೆದ. ಅವನು ಎಂದೂ ತಾನೇ ಬಗ್ಗಿ ಆ ಮೂಲೆಯ ಮಣ್ಣು ಅಗೆದವನಲ್ಲ. ಡಬ್ಬಿ ಬಾಗಿಲ ಬಳಿ ತುಂಬಿ ತಯಾರಿರುತ್ತಿತ್ತು.

ಮೇಲಧಿಕಾರಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಚೂರುಗಳು ಮೇಜಿನ ಮೇಲಿನ ಒಂದು ಕಡತದ ಮೇಲೆ ಬೀಳುತ್ತಿದ್ದವು, ಒಂದೊಂದನ್ನೂ ಊದಿ ಹಾರಿಸುತ್ತಿದ್ದರು. ಈ ಮನುಷ್ಯ ಹುಟ್ಟಿದ್ದೇ ನಿವೃತ್ತನಾಗುವುದಕ್ಕೆ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಇವತ್ತು ಅದೇ ಮುಖದ ಎದುರು ನಿಂತು ಪೂರ್ತಿ ಮಾತು ಹೇಳಲಾಗದೆ ಅರ್ಧ ಹೇಳಿದ.

"ಸಾರ್, ಸೊನ್ನೆ ಮಣ್ಣು ಬದಲಾಯಿಸಿದ್ರೆ ಆ ಹುರುಳಿಕಾಯಿ ಕೇಸು ಬೇರೆ ಥರ ಬರ್ತಿದೆ."

"ಯಾಕೆ ಬದಲಾಯಿಸಿದ್ರಿ?"

"ಡಬ್ಬಿ ಮುಗಿದಿತ್ತು."

"ಪದ್ಧತಿ ಪುಸ್ತಕದಲ್ಲಿ ಯಾವ ಮಣ್ಣು ಅಂತ ಇದೆ?"

"ನಮ್ಮಕ್ಕನ ಹಿತ್ತಲಿದು."

"ಮತ್ತೆ?" ಮೇಲಧಿಕಾರಿ ಕಿರುಬೆರಳಿಗೆ ಬಂದಿದ್ದರು. "ಮುಂದಿನ ತಿಂಗಳು ತಪಾಸಣೆಯವರು ಬರ್ತಾರೆ. ಪುಸ್ತಕದಲ್ಲಿ ಒಂದು, ಕೆಲಸದಲ್ಲಿ ಒಂದು ಇರಬಾರದು. ಊಟದ ಹೊತ್ತಲ್ಲಿ ಹೋಗಿ ಅಕ್ಕನ ಮಣ್ಣೇ ತನ್ನಿ, ಅದರಲ್ಲಿ ಓಡಿಸಿ, ಏನು ಬರುತ್ತೋ ಅದನ್ನೇ ಬರೀರಿ. ಇಷ್ಟಕ್ಕೆಲ್ಲ ಯಾಕ್ರೀ ಬೆವರ್ತೀರಿ?"

ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಬಾಗಿಲು ದಾಟುವಾಗ ಅವನಿಗೆ ಆದದ್ದು ನೆಮ್ಮದಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೇಲಿನವರು ಹೇಳಿದ್ದಾರೆ, ತಾನು ಮಾಡುತ್ತೇನೆ. ಇಷ್ಟು ದಿನ ಯಾರನ್ನು ದಂಡಪಿಂಡ ಎನ್ನುತ್ತಿದ್ದನೋ ಅವರ ನೆರಳಿಗೆ ಇವತ್ತು ಓಡಿಹೋಗಿ ನಿಂತಿದ್ದ. ಕಾರಿಡಾರಿನಲ್ಲಿ ಹೆಂಗಸು ಎದ್ದು ನಿಂತು, "ಆಯ್ತಾ ಸಾರ್?" ಎಂದಳು. "ಊಟಕ್ಕೂ ಹೋಗಬಾರದೇನಮ್ಮಾ?" ಎಂದು ಹೇಳಿ ಅವಳ ಕಣ್ಣು ತಪ್ಪಿಸಿದ.

ಅಕ್ಕ ಬಾಗಿಲ ಮೆಟ್ಟಿಲಿನ ಮೇಲೆ ಊದಿದ ಕಾಲು ಚಾಚಿಕೊಂಡು ಕೂತಿದ್ದಳು. ಡಬ್ಬಿ ಅವಳ ಪಕ್ಕದಲ್ಲೇ ಇತ್ತು, ಮುಚ್ಚಳದ ಮೇಲೆ ಒರೆಸಿದ ಗುರುತು. "ನೀನು ಬರ್ತೀಯ ಅಂತ ಗೊತ್ತಿತ್ತು, ಬೆಳಿಗ್ಗೆ ಕೂತ್ಕೊಂಡೇ ತೆವಳಿ ತೆಗೆದೆ" ಎಂದಳು. "ಮೂರು ಸಲ ಜರಡಿ ಹಿಡಿದಿದೀನಿ. ಒಂದು ಬೇರು, ಒಂದು ಕಡ್ಡಿ ಇದ್ರೆ ಹೇಳು."

"ಯಾವ ಕಡೆಯಿಂದ ತೆಗೆದೆ?"

"ಯಾವಾಗಲೂ ತೆಗೆಯೋ ಕಡೆಯಿಂದ. ಆ ನಡುಪಾತಿಯಿಂದ."

"ಬೇಲಿ ಪಕ್ಕದ ಮೂಲೆ ಅಂತ ಹೇಳಿದ್ನಲ್ಲಾ?"

"ಅಯ್ಯೋ, ಆ ಮೂಲೆ ತುಂಬ ಕಳೆ, ಗೊದ್ದ, ಹುಳ. ಸರ್ಕಾರದ ಕೆಲಸಕ್ಕೆ ಅಂಥ ಕೊಳಕು ಮಣ್ಣು ಕೊಟ್ಟು ನಿನ್ನ ಮರ್ಯಾದೆ ಕಳೀಲಾ? ನಡುಪಾತೀಲಿ ನೋಡು, ಒಂದು ಹುಲ್ಲುಕಡ್ಡೀನೂ ಬರಲ್ಲ. ಅಷ್ಟು ಚೊಕ್ಕಟ."

ಅವನು ನಡುಪಾತಿಯನ್ನು ನೋಡಿದ. ಚೊಕ್ಕಟವಾಗಿಯೇ ಇತ್ತು, ಗುಡಿಸಿದ ಅಂಗಳದಂತೆ ಬೋಳಾಗಿತ್ತು. ಅದರ ನಡುವೆ ಅಕ್ಕ ನೆಟ್ಟ ನಾಲ್ಕು ಒಣಕೋಲುಗಳು, ಬಳ್ಳಿ ಹಬ್ಬಲೆಂದು ಕಟ್ಟಿದ ದಾರ, ಬಳ್ಳಿ ಇಲ್ಲ. ಅಕ್ಕ ಅವನ ಕಣ್ಣು ಹೋದ ಕಡೆ ನೋಡಿ, "ಈ ಸಲಾನೂ ಬರಲಿಲ್ಲ ಬಿಡು" ಎಂದಳು. "ಎರಡೆಲೆ ಬಂತು, ಬಟ್ಟಲಾಗಿ ಮುದುರ್ಕೊಂಡು ಹೋಯ್ತು. ನಾನು ಹಾಕಿದ ಬೀಜ ಹುಟ್ಟುತ್ತೆ ಅಂತ ಎಲ್ಲರೂ ಮನೆಗೆ ಕರ್ಕೊಂಡು ಹೋಗೋರು ಒಂದು ಕಾಲದಲ್ಲಿ. ಈಗ ಕೈಗುಣಾನೇ ಹೋಯ್ತು. ಪಕ್ಕದ ಮನೆಯವರೂ ಕರೆಯೋದು ಬಿಟ್ಟರು." ಅವಳು ಅದನ್ನು ದುಃಖದಿಂದ ಹೇಳಲಿಲ್ಲ, ಆ ದುಃಖ ಹಳೆಯದಾಗಿ ಮಾತಿನ ರೂಢಿಯಾಗಿಬಿಟ್ಟಿತ್ತು. ಎರಡು ವರ್ಷದ ಹಿಂದೆ ಅವಳು, ನನ್ನ ಮಣ್ಣನ್ನೂ ಒಂದು ಸಲ ಪರೀಕ್ಷೆ ಮಾಡೋ, ಏನೋ ಆಗಿದೆ ಎಂದು ಕೇಳಿದ್ದಳು. ಅವನು ಬಿದ್ದುಬಿದ್ದು ನಕ್ಕಿದ್ದ. ನಿನ್ನ ಮಣ್ಣೇ ನಮಗೆ ಸೊನ್ನೆ ಕಣೇ ಅಕ್ಕ, ಅದನ್ನ ಯಾವುದರ ಜೊತೆ ಹೋಲಿಸಲಿ, ವಯಸ್ಸಾಯ್ತು, ಕೈ ಸೋತಿದೆ ಅಂತ ಒಪ್ಕೋ ಎಂದಿದ್ದ. ಕೈ ಸೋತಿದೆ ಎಂಬ ಮಾತು ಅವನದೇ. ಅಕ್ಕ ಅದನ್ನು ಅವತ್ತಿನಿಂದ ಜೋಪಾನವಾಗಿ ಇಟ್ಟುಕೊಂಡಿದ್ದಳು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಅವನು ಡಬ್ಬಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದ. "ಊಟ ಮಾಡ್ಕೊಂಡು ಹೋಗೋ" ಎಂದು ಅಕ್ಕ ಹಿಂದಿನಿಂದ ಕೂಗಿದ್ದಕ್ಕೆ ಕೈ ಬೀಸಿದ. ಥೂ ನಿನ್ನ ಎಂದು ಬಸ್ಸಿನಲ್ಲಿ ತನಗೆ ತಾನೇ ಗಟ್ಟಿಯಾಗಿ ಅಂದುಬಿಟ್ಟ. ಮುಂದಿನ ಸೀಟಿನವನು ತಿರುಗಿ ನೋಡಿದ.

ಮೂರೂವರೆಗೆ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಅಕ್ಕನ ಹೊಸ ಡಬ್ಬಿ ಹಾಕಿ ಕಳೆದರೆ ಹುರುಳಿಕಾಯಿ ಹೆಂಗಸಿನ ಹೊಲದಲ್ಲಿ ಏನೂ ಇಲ್ಲ. ಗುಂಡಿಯ ಮಣ್ಣು ಹಾಕಿದರೆ ಇದೆ, ಚೆನ್ನಾಗಿಯೇ ಇದೆ. ಮೊದಲನೆಯದಕ್ಕೆ ಸಹಿ ಹಾಕಿದರೆ ಯಾವ ತಪಾಸಣೆಯವನೂ ಬೆರಳು ತೋರಿಸಲಾರ. ಅವನು ಪೆನ್ನು ಎತ್ತಿ, ಮುಚ್ಚಳ ತೆಗೆದು, ಹಾಕಿ, ತೆಗೆದ. ಆಮೇಲೆ ಒಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ತಾನು ಒಳ್ಳೆಯವನು ಎಂಬ ಬೆಚ್ಚನೆಯ ಭಾವನೆ ಮೈಯೆಲ್ಲ ಹರಡಿತು. ಇವಳೊಬ್ಬಳ ಕೆಲಸ ಮಾಡಿಕೊಟ್ಟುಬಿಡುವುದು. ಎರಡನೆಯ ಹಾಳೆಗೆ ಸಹಿ ಹಾಕುವುದು, ಹಳೆಯದನ್ನು ಕೆದಕದೆ ಬಿಡುವುದು. ಆರು ವರ್ಷದ ನಾನೂರು ವರದಿಗಳು ಕಪಾಟಿನಲ್ಲಿ ಮಲಗಿರಲಿ. ಅವನು ಸಹಿ ಹಾಕಿ, ಮೊಹರು ಒತ್ತಿ, ಅವಳನ್ನು ಒಳಗೆ ಕರೆದ. ಎಂದೂ ಕೂರಿಸದವನು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲಿನಿಂದ ಕೊನೆಯವರೆಗೆ, ಮೊಹರಿನ ಅಕ್ಷರಗಳನ್ನೂ ಬಿಡದೆ ಓದಿದಳು. ಅವಳು ಅಳಬಹುದು, ಕೈ ಮುಗಿಯಬಹುದು ಎಂದು ಅವನು ಮುಖವನ್ನು ಅದಕ್ಕೆ ಸಿದ್ಧಮಾಡಿಕೊಂಡು ಕೂತಿದ್ದ.

"ಹಾಗಾದ್ರೆ ಮೊದಲಿನ ಎರಡು ಸಲ?" ಎಂದಳು.

"ಆಗ ಯಂತ್ರ ಸರಿ ಇರಲಿಲ್ಲ."

"ನನಗೊಬ್ಬಳಿಗೇ ಸರಿ ಇರಲಿಲ್ವಾ? ನಮ್ಮೂರಲ್ಲೇ ಆರು ಜನಕ್ಕೆ ಸೊನ್ನೆ ಕೊಟ್ಟಿದೀರಿ. ಒಬ್ಬರು ಗಿಡ ಕಿತ್ತು ಹಾಕಿ ಊರೇ ಬಿಟ್ಟರು."

"ನಿಮ್ಮ ಕೆಲಸ ಆಯ್ತಲ್ಲಮ್ಮಾ."

"ಸಾರ್, ಈ ಕಾಗದ ತಗೊಂಡು ಹೋದ್ರೆ ಸಂಘದೋರು ಏನಂತಾರೆ ಗೊತ್ತಾ? ಎರಡು ಸಲ ಇಲ್ಲದ್ದು ಮೂರನೇ ಸಲ ಹೆಂಗೆ ಬಂತು, ಸಾಹೇಬರಿಗೆ ಏನು ಕೊಟ್ಟೆ ಅಂತಾರೆ. ಮೊದಲಿನದು ಯಾಕೆ ತಪ್ಪು ಅಂತ ಬರೆದುಕೊಡಿ. ಇಲ್ಲಾಂದ್ರೆ ಇದೂ ಬೇಡ."

ಅವಳು ಕಾಗದವನ್ನು ಮೇಜಿನ ಮೇಲೆ ಇಟ್ಟಳು, ಅವನ ಕಡೆಗೆ ಸರಿಸಿದಳು. ಅವನಿಗೆ ಮೈಯೆಲ್ಲ ಉರಿಯಿತು. ಕೈಯೆತ್ತಿ ಕೊಟ್ಟದ್ದನ್ನು ತೂಗಿ ನೋಡುವ ಇವಳ ಸೊಕ್ಕೇ! ಬಾಯಿಗೆ ಬಂದದ್ದನ್ನು ಅನ್ನಬೇಕೆಂದು ತಲೆ ಎತ್ತಿದರೆ ಅವಳ ಬೆರಳುಗಳು ಕಂಡವು. ಉಗುರಿನ ಸಂದಿಯಲ್ಲಿ ಮಣ್ಣು ಕೂತು ಕಪ್ಪಾಗಿದ್ದ ಗಂಟುಗಂಟಾದ ಬೆರಳು. ಹದಿನೈದು ಕಡೆ ಅಗೆದ ಕೈ ಅದು. ಅವಳ ಮಾದರಿ ಮೂರು ಸಲವೂ ಸರಿಯಾಗಿಯೇ ಇತ್ತು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಎಂದೂ ಹೇಳಿರಲಿಲ್ಲ. ಅಕ್ಕನ ಕೈಯೂ ಹಾಗೇ ಇತ್ತು. ಅವನು ತನ್ನ ಕೈ ನೋಡಿಕೊಂಡ. ಮಣ್ಣಿನ ಕೆಲಸದಲ್ಲಿ ಎಂಟು ವರ್ಷ ಕಳೆದವನ ಉಗುರಿನಲ್ಲಿ ಒಂದು ಕಣ ಮಣ್ಣಿರಲಿಲ್ಲ.

ಹೇಳಿಬಿಟ್ಟ. ಡಬ್ಬಿ, ಕ್ಯಾನು, ನಡುಪಾತಿ ಎಲ್ಲ. ಹೇಳುವಾಗಲೂ ವಾಕ್ಯಗಳನ್ನು ವರದಿಯ ಹಾಗೆ ಜೋಡಿಸುತ್ತಿದ್ದ, ‘ಸಿಂಪಡಣೆ ನಡೆದಿರುತ್ತದೆ’ ಎಂದ, ಯಾರಿಂದ ನಡೆದಿರುತ್ತದೆ ಎಂದು ಅವಳು ಕೇಳಿದ ಮೇಲೆ ‘ನಾನು’ ಎಂದ. ಹಳೆಯ ವರದಿಗಳನ್ನು ಹಿಂದಕ್ಕೆ ಪಡೆಯಬೇಕೆಂದರೆ ಸೊನ್ನೆ ಮಣ್ಣೇ ಕೆಟ್ಟಿತ್ತೆಂದು ತೋರಿಸಬೇಕು, ಅದಕ್ಕೆ ಆ ಹಿತ್ತಲಿನ ಮಣ್ಣನ್ನು ನಿಯಮದ ಪ್ರಕಾರ ಅಗೆದು ಪರೀಕ್ಷಿಸಬೇಕು. ಅವನು ಡ್ರಾಯರಿನಿಂದ ಮಾದರಿಯ ಅರ್ಜಿ ತೆಗೆದು ತುಂಬಿದ. ಸಿಂಪಡಿಸಿದವರು ಎಂಬಲ್ಲಿ ತನ್ನ ಹೆಸರು ಬರೆದ. ಸಾಕ್ಷಿ ಎಂಬಲ್ಲಿ ಅವಳ ಸಹಿ ಬೇಕೆಂದು ಕಾಗದ ತಿರುಗಿಸಿದ. ಅವಳು ಅದನ್ನೂ ಮೊದಲಿನಿಂದ ಓದಿದಳು.

"ಜಮೀನಿನೋರ ಸಹಿ ನೀವೇ ಹಾಕಿದೀರಲ್ಲ ಸಾರ್?"

"ನಮ್ಮಕ್ಕ. ನಾನು ಹಾಕಿದ್ರೂ ನಡೆಯುತ್ತೆ."

"ಮೊದಲನೇ ಸಲ ನನ್ನ ಅರ್ಜೀನ ಇದಕ್ಕೇ ವಾಪಸ್ ಎಸೆದ್ರಿ. ಗಂಡನ ಸಹಿ ಹೆಂಡತಿ ಹಾಕೋದು ಎಲ್ಲಮ್ಮಾ ಕಲ್ತೆ ಅಂದ್ರಿ." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಮೆಲ್ಲಗೆ ತುಟಿ ಓರೆಯಾಗಿತ್ತು. ಅವನು ಎಷ್ಟೋ ವರ್ಷದಿಂದ ಬೇರೆಯವರಿಗೆ ತೋರಿಸುತ್ತ ಬಂದ ಮುಖ ಅದೇ. "ಅಕ್ಕನಿಗೆ ಹೇಳಿದೀರಾ?"

"ಇಲ್ಲ."

"ಕಾಗದಕ್ಕೆ ಹೇಳೋದು ಸುಲಭ ಸಾರ್. ನಡೀರಿ, ನಾನೂ ಬರ್ತೀನಿ."

ಹೊರಡುವ ಮುಂಚೆ ಅವನು ಅವಳ ಕಡತವನ್ನು ಐದರೊಳಗೆ ಮುಚ್ಚದಂತೆ ‘ಪರೀಕ್ಷೆ ಬಾಕಿ ಇದೆ’ ಎಂದು ಬರೆದು ಮೇಲಧಿಕಾರಿಯ ಮೇಜಿನ ಮೇಲೆ, ಉಗುರಿನ ಚೂರುಗಳ ಪಕ್ಕದಲ್ಲಿ ಇಟ್ಟ. ಅವರು ಏನ್ರೀ ಇದು ಎಂದರು, ಅವನು ನಿಲ್ಲಲಿಲ್ಲ. ಬಸ್ಸಿನಲ್ಲಿ ಹೆಂಗಸು ಅವನ ಹಿಂದಿನ ಸೀಟಿನಲ್ಲಿ ಕೂತಳು. ಅವನ ಕತ್ತಿನ ಹಿಂಭಾಗ ದಾರಿಯುದ್ದಕ್ಕೂ ಬಿಸಿಯಾಗಿತ್ತು.

ಅಕ್ಕ ಇನ್ನೂ ಮೆಟ್ಟಿಲ ಮೇಲೇ ಇದ್ದಳು. ಸಂಜೆಯ ಬಿಸಿಲು ಬೋಳು ಪಾತಿಯ ಮೇಲೆ ಬಿದ್ದಿತ್ತು. ಒಂದೇ ದಿನ ಎರಡು ಸಲ ಬಂದ ತಮ್ಮನನ್ನೂ ಅವನ ಹಿಂದೆ ನಿಂತ ಅಪರಿಚಿತ ಹೆಂಗಸನ್ನೂ ನೋಡಿ ಅವಳು ಏಳಲು ಹೋದಳು. ಕೂತ್ಕೋ ಎಂದ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಅಕ್ಕಾ, ಆ ಪಾತೀಲಿ ಏನೂ ಬೆಳೀದೆ ಇರೋದು ನಿನ್ನ ಕೈಯಿಂದಲ್ಲ. ನಾನು ಹೊಡೀತಿದ್ದೆನಲ್ಲ, ಅದು ಕಷಾಯ ಅಲ್ಲ. ನಿಷೇಧ ಮಾಡಿದ ಔಷಧಿ. ಅದರಿಂದ."

ಅಕ್ಕ ತನ್ನ ಎರಡೂ ಕೈಗಳನ್ನು ಎತ್ತಿ, ಅಂಗೈ ನೋಡಿದಳು, ಮುಂಗೈ ನೋಡಿದಳು. "ಅಂದ್ರೆ ನನ್ನ ಕೈ ಚೆನ್ನಾಗೇ ಇದೆಯಾ?" ಎಂದಳು.

"ಇದೆ."

ಅವಳು ನಕ್ಕಳು. ಹಲ್ಲೆಲ್ಲ ಕಾಣುವಂತೆ, ಕಳೆದುಹೋದದ್ದು ಸಿಕ್ಕವರ ಹಾಗೆ ನಕ್ಕಳು. ಬೈದಿದ್ದರೆ, ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ನಗುವಿನ ಎದುರು ನಿಲ್ಲುವುದು ಅವನಿಂದಾಗಲಿಲ್ಲ. ಅವನು ಅತ್ತ ಮುಖ ತಿರುಗಿಸಿದ. ತಿರುಗಿಸಿದ ಕಡೆ ಹುರುಳಿಕಾಯಿ ಹೆಂಗಸು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕನ ನಗು ನಿಂತಿತು.

"ಗೊತ್ತಿದ್ದೂ ನನ್ನ ನೋಡಿ ನಗ್ತಿದ್ಯೇನೋ?"

"ಗೊತ್ತಿರಲಿಲ್ಲ ಕಣೇ."

"ಗೊತ್ತು ಮಾಡ್ಕೊಳೋದೇ ಅಲ್ವೇನೋ ನಿನ್ನ ಕೆಲಸ?"

ಅವನು ಅರ್ಜಿ ಚಾಚಿದ. ಅಕ್ಕ ಅವನು ಹಾಕಿದ್ದ ಸಹಿಯನ್ನು ಹೊಡೆದುಹಾಕಿ, ತನ್ನ ಸಹಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಹಾಕಿದಳು. ಹುರುಳಿಕಾಯಿ ಹೆಂಗಸು ಅದರ ಕೆಳಗೆ ಹಾಕಿದಳು. ನಿನ್ನ ಕೆಲಸ ಹೋಗುತ್ತಾ ಎಂದು ಅಕ್ಕ ಕೇಳುತ್ತಾಳೆಂದು ಅವನು ಕಾಯುತ್ತಿದ್ದ. ಕೇಳಲಿಲ್ಲ. ಬಾಗಿಲ ಹಿಂದೆ ಕೈಹಾಕಿ ಸಣ್ಣ ಗುದ್ದಲಿ ಎಳೆದು ಅವನ ಕಾಲ ಬಳಿಗೆ ತಳ್ಳಿದಳು. "ಈ ಸಲ ನೀನೇ ಅಗಿ" ಎಂದಳು.

ಅವನು ಪ್ಯಾಂಟು ಮಡಿಸಿ ಪಾತಿಗೆ ಇಳಿದ. ತಾನೇ ನೂರು ಸಲ ಹೇಳಿಕೊಟ್ಟಂತೆ ಅಡ್ಡಾದಿಡ್ಡಿ ನಾಲ್ಕು ಹೆಜ್ಜೆ ಇಟ್ಟು, ಒಂದು ಕಡೆ ನಿಂತು, ಗುದ್ದಲಿ ಎತ್ತಿದ. ಹೆಂಗಸರಿಬ್ಬರೂ ಮೆಟ್ಟಿಲಿನ ಮೇಲೆ ಪಕ್ಕಪಕ್ಕದಲ್ಲಿ ಕೂತು ನೋಡುತ್ತಿದ್ದರು.

"ಸಾರ್" ಎಂದಳು ಹುರುಳಿಕಾಯಿ ಹೆಂಗಸು, "ಮೇಲಿನ ಕಸ ಕೆರೆದು ತೆಗೀಬೇಕು."

ಅವನು ಗುದ್ದಲಿ ಕೆಳಗಿಟ್ಟು, ಮೊಣಕಾಲೂರಿ, ಕೈಯಿಂದಲೇ ಕೆರೆದ. ಮಣ್ಣು ಉಗುರಿನ ಸಂದಿಗೆ ಹೋಯಿತು. ಒಂದು ಗೇಣು ಅಗೆದು, ಗುಂಡಿಯ ಮಗ್ಗುಲಿನಿಂದ ಸಣ್ಣ ಪದರ ಕತ್ತರಿಸಿ, ಹಾಸಿದ್ದ ಬಟ್ಟೆಯ ಮೇಲೆ ಹಾಕಿದ. ಎರಡನೆಯ ಗುಂಡಿಗೆ ಬೆನ್ನು ಹಿಡಿದುಕೊಂಡಿತು. ಮೂರನೆಯದಕ್ಕೆ ಉಸಿರು ಬಿಡುತ್ತ ವಿನಾಯಿತಿ ಸಿಕ್ಕೀತೇ ಎಂಬಂತೆ ಮೆಟ್ಟಿಲಿನ ಕಡೆ ನೋಡಿದ.

"ಎಷ್ಟು ಕಡೆ ಅಗೀಬೇಕಂತೆ?" ಅಕ್ಕ ಪಕ್ಕದವಳನ್ನು ಕೇಳಿದಳು.

"ಹದಿನೈದು."

"ಎಷ್ಟಾಯ್ತು?"

"ಮೂರು."

ಅಕ್ಕ ಊದಿದ ಕಾಲನ್ನು ಇನ್ನಷ್ಟು ಆರಾಮವಾಗಿ ಚಾಚಿಕೊಂಡಳು. "ಸರಿ, ನಮಗೇನೂ ಅವಸರ ಇಲ್ಲ" ಎಂದಳು.